ದೂರದ ಗುರು ಮತ್ತು ಗಣಿತದ ವ್ಯಾಸಂಗ



ವಿದ್ಯೆಯು ಗುರುಮುಖದಿಂದಲೇ ಬರತಕ್ಕುದೆಂಬ ನಂಬಿಕೆ ಈ ದೇಶದಲ್ಲಿ ಬಹುಕಾಲದಿಂದ ರೂಢವಾಗಿದೆ. ಅನ್ಯ ಶಾಸ್ತ್ರಗಳ ಮಾತು ಹೇಗೇ ಇರಲಿ, ಗಣಿತದ ವಿಷಯದಲ್ಲಂತೂ ಅದು ಬಲವಾಗಿ ಬೇರೂರಿದೆ. ಕರಿಹಲಗೆಯ ಮುಂದೆ ನಿಂತು ಬೋಧಿಸುವ ಉಪಾಧ್ಯಾಯನಿಲ್ಲದೆ, ಹಗಲೆಲ್ಲ ದುಡಿದು ರಾತ್ರಿ ದೀಪದ ಮುಂದೆ ಕುಳಿತವನು ವಿಶ್ವವಿದ್ಯಾನಿಲಯದ ಪ್ರಥಮ ವರ್ಷದ ಗಣಿತವನ್ನು ಕಲಿಯಬಲ್ಲನೆ? ಕಲಿಯಬಲ್ಲನಾದರೆ ಅವನಿಗೆ ಅತ್ಯವಶ್ಯವಾದುದು ಯಾವುದು? ಈ ಎರಡು ಪ್ರಶ್ನೆಗಳನ್ನು ವಿಚಾರಿಸುವುದೇ ಇಂದಿನ ಉಪನ್ಯಾಸದ ಉದ್ದೇಶ.

ಮೊದಲನೆಯ ಪ್ರಶ್ನೆಗೆ ಬ್ರಿಟನ್ ದೇಶವು ಕಾರ್ಯರೂಪದಲ್ಲಿಯೇ ಉತ್ತರವನ್ನು ಕೊಟ್ಟಿದೆ. ಹೆರಾಲ್ಡ್ ವಿಲ್ಸನ್ನರು 1963ರಲ್ಲಿ ಗ್ಲಾಸ್ಗೋ ನಗರದಲ್ಲಿ ಮಾಡಿದ ಭಾಷಣದಲ್ಲಿ, ರೇಡಿಯೋ ಮತ್ತು ಟೆಲಿವಿಷನ್ನುಗಳ ಮೂಲಕ ಬೋಧಿಸುವ ವಿಶ್ವವಿದ್ಯಾನಿಲಯವೊಂದರ ಯೋಜನೆಯನ್ನು ಮುಂದಿಟ್ಟರು. ಅವರು ಪ್ರಧಾನಮಂತ್ರಿಗಳಾದ ಬಳಿಕ ಜೆನ್ನಿ ಲೀ ಎಂಬ ಮಹಿಳೆಯು ಮಂತ್ರಿಪದವಿಯಲ್ಲಿದ್ದು ಅದಕ್ಕಾಗಿ ಎಡೆಬಿಡದೆ ಶ್ರಮಿಸಿದರು. 1969ರಲ್ಲಿ ರಾಜಶಾಸನ ದೊರೆತು ಓಪನ್ ಯೂನಿವರ್ಸಿಟಿಯು ಸ್ಥಾಪಿತವಾಯಿತು. 1971ರ ಜನವರಿಯಲ್ಲಿ 24,000ಕ್ಕೂ ಹೆಚ್ಚು ಮಂದಿ ವ್ಯಾಸಂಗವನ್ನು ಆರಂಭಿಸಿದರು. ಪ್ರವೇಶಕ್ಕೆ ಹಿಂದಿನ ಯಾವ ಪರೀಕ್ಷೆಯ ತೇರ್ಗಡೆಯೂ ಬೇಕಾಗಿರಲಿಲ್ಲ. ಆ ವರ್ಷ ತೆರೆದ ನಾಲ್ಕು ಆಧಾರ ಪಾಠಕ್ರಮಗಳಲ್ಲಿ ಗಣಿತವೂ ಒಂದಾಗಿತ್ತು.

ಪಾಠದ ಪುಸ್ತಕಗಳು ಅಂಚೆಯ ಮೂಲಕ ಮನೆಗೆ ಬರುತ್ತಿದ್ದವು. ಉಪನ್ಯಾಸಗಳು ಬಿ.ಬಿ.ಸಿ.ಯಿಂದ ಪ್ರಸಾರವಾಗುತ್ತಿದ್ದವು. ವಿದ್ಯಾರ್ಥಿಯು ನಿಯತಕಾಲದಲ್ಲಿ ಲೆಕ್ಕಗಳನ್ನು ಬಿಡಿಸಿ ಕಳುಹಿಸಿದರೆ, ಅವನಿಗೆಂದು ಗೊತ್ತುಮಾಡಿದ ಉಪದೇಶಕರು ಅವುಗಳನ್ನು ತಿದ್ದಿ, ಟಿಪ್ಪಣಿ ಬರೆದು ಹಿಂದಿರುಗಿಸುತ್ತಿದ್ದರು. ಬೇಸಗೆಯಲ್ಲಿ ಒಂದು ವಾರದ ಶಿಬಿರವೂ ಇರುತ್ತಿತ್ತು. ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಬಿ.ಬಿ.ಸಿ.ಯ ಆ ಪಾಠಪ್ರಸಾರಗಳು 2006ರಲ್ಲಿ ನಿಂತುಹೋದವು. ವಿಶ್ವವಿದ್ಯಾನಿಲಯವು ಮಾತ್ರ ನಿಲ್ಲಲಿಲ್ಲ. ಆಕಾಶವಾಣಿಯನ್ನೇ ಆಶ್ರಯಿಸಿ ಹುಟ್ಟಿದ ಸಂಸ್ಥೆಯು ಅದಿಲ್ಲದೆಯೂ ಬದುಕಿತು. ತಿದ್ದಿದ ಉತ್ತರಪತ್ರಿಕೆಯಿಲ್ಲದೆ ಬದುಕಬಹುದೆಂದು ಮಾತ್ರ ಅದು ಎಂದೂ ಭಾವಿಸಲಿಲ್ಲ.

ಇದರ ಕಾರಣವು ಗಣಿತದ ಸ್ವಭಾವದಲ್ಲಿಯೇ ಅಡಗಿದೆ. ಒಂದು ಉದಾಹರಣೆಯನ್ನು ನೋಡಬಹುದು. ಒಂದು ಸಂಖ್ಯೆಯನ್ನು ಅದರಿಂದಲೇ ಗುಣಿಸಿ, ಬಂದುದಕ್ಕೆ ಆ ಸಂಖ್ಯೆಯನ್ನೂ 41ನ್ನೂ ಕೂಡಿಸಬೇಕು. 1ರಿಂದ 43 ಬರುತ್ತದೆ, 2ರಿಂದ 47, 3ರಿಂದ 53. ಎಲ್ಲವೂ ಅವಿಭಾಜ್ಯ ಸಂಖ್ಯೆಗಳೇ. ಏಕಾಂಗಿಯಾದ ವಿದ್ಯಾರ್ಥಿಯು ಹತ್ತು ಸಲ ಪರೀಕ್ಷಿಸಿ, ಇಪ್ಪತ್ತು ಸಲ ಪರೀಕ್ಷಿಸಿ, ‘ಇದು ಸರ್ವದಾ ಸತ್ಯ’ವೆಂದು ಬರೆದು ಸಂತೋಷಪಡುತ್ತಾನೆ. 39ರವರೆಗೂ ಅವನ ಸಂತೋಷಕ್ಕೆ ಭಂಗವಿಲ್ಲ. 40ಕ್ಕೆ ಬಂದೊಡನೆ 1681 ದೊರೆಯುತ್ತದೆ. ಅದು 41ನ್ನು 41ರಿಂದ ಗುಣಿಸಿದ ಫಲ. ನಲವತ್ತು ಮೆಟ್ಟಿಲು ಹತ್ತುವ ಮೊದಲೇ ‘ಇದಕ್ಕೆ ಸಾಧನೆ ಎಲ್ಲಿ?’ ಎಂದು ಕೇಳುವವನೊಬ್ಬನು ಬೇಕು. ಶಾಲೆಯ ಗಣಿತದಲ್ಲಿ ಉತ್ತರ ಸರಿಯಾದರೆ ಸಾಕು. ವಿಶ್ವವಿದ್ಯಾನಿಲಯದ ಗಣಿತದಲ್ಲಿ ಉತ್ತರಕ್ಕೆ ಹೋದ ದಾರಿಯೂ ಸರಿಯಾಗಿರಬೇಕು. ಪುಸ್ತಕವು ದಾರಿಯನ್ನು ತೋರಿಸಬಲ್ಲದು. ಓದುಗನು ದಾರಿ ತಪ್ಪಿದನೆಂದು ಕೂಗಿ ಹೇಳಲಾರದು.

ಅಸಾಧಾರಣ ಪ್ರತಿಭೆಗೂ ಈ ಅವಶ್ಯಕತೆಯು ತಪ್ಪಿದ್ದಲ್ಲ. ಶ್ರೀನಿವಾಸ ರಾಮಾನುಜನ್ನರು ಕುಂಭಕೋಣದಲ್ಲಿ ಸಾವಿರಾರು ಸೂತ್ರಗಳ ಸಂಗ್ರಹವಾದ ಕಾರ್ ಎಂಬವರ ಗ್ರಂಥವನ್ನಿಟ್ಟುಕೊಂಡು ಬಹುಮಟ್ಟಿಗೆ ತಮ್ಮಷ್ಟಕ್ಕೆ ತಾವೇ ಕಲಿತರು. 1913ರ ಜನವರಿಯಲ್ಲಿ ಅವರು ಕೇಂಬ್ರಿಜ್ಜಿನ ಹಾರ್ಡಿಯವರಿಗೆ ಪತ್ರ ಬರೆದಾಗ, ಹಾರ್ಡಿಯವರು ಬೆರಗಾದರು. ಬೆರಗಾಗಿಯೂ ಸಾಧನೆಗಳನ್ನು ಕಳುಹಿಸಬೇಕೆಂದು ಕೇಳಿದರು. ಅವಿಭಾಜ್ಯ ಸಂಖ್ಯೆಗಳನ್ನು ಕುರಿತು ರಾಮಾನುಜನ್ನರು ಹೇಳಿದ್ದ ಕೆಲವು ಮಾತುಗಳು ನಿಜವಾಗಿಯೂ ತಪ್ಪಾಗಿದ್ದವು. ಹೀಗಿರಲು ಸಾಮಾನ್ಯ ವಿದ್ಯಾರ್ಥಿಯ ಪಾಡೇನು? ಒಂದು ಸಾಲು ಅರ್ಥವಾಗದೆ ವಾರಗಟ್ಟಲೆ ತೊಳಲಿ, ಕೊನೆಗೆ ತನ್ನ ಬುದ್ಧಿಯೇ ಮಂದವೆಂದು ನಿಶ್ಚಯಿಸಿ ಅವನು ಪುಸ್ತಕವನ್ನು ಮುಚ್ಚಿಬಿಡುತ್ತಾನೆ. ಕೆಟ್ಟುದು ಬುದ್ಧಿಯಲ್ಲ, ಒಂದೇ ಒಂದು ಸಾಲು ಎಂದು ತಿಳಿಸುವವರಿದ್ದಿದ್ದರೆ ಅವನು ನಿಲ್ಲುತ್ತಿರಲಿಲ್ಲ.

ಈ ದೇಶದಲ್ಲಿಯೂ ದೂರಶಿಕ್ಷಣವು ಹೊಸದಲ್ಲ. ದೆಹಲಿ ವಿಶ್ವವಿದ್ಯಾನಿಲಯವು 1962ರಲ್ಲಿಯೂ ಮೈಸೂರು ವಿಶ್ವವಿದ್ಯಾನಿಲಯವು 1969ರಲ್ಲಿಯೂ ಅಂಚೆ ಶಿಕ್ಷಣವನ್ನು ಆರಂಭಿಸಿದವು. 1996ರಲ್ಲಿ ಮೈಸೂರಿನಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. ಇಂದು ಪಾಠಗಳಿಗೆ ಬರವಿಲ್ಲ. ಅಂಗೈಯ ಮೊಬೈಲಿನಲ್ಲಿಯೇ ಅವು ಬೇಕಾದಷ್ಟು ದೊರೆಯುತ್ತವೆ. ಬರವಿರುವುದು ವಿದ್ಯಾರ್ಥಿಯು ಬರೆದುದನ್ನು ತಾಳ್ಮೆಯಿಂದ ಓದುವವರಿಗೆ.

ಆದುದರಿಂದ ದೂರದಲ್ಲಿದ್ದು ಗಣಿತವನ್ನು ಕಲಿಯುವವನು ಕೇಳಿದುದರಿಂದ ತೃಪ್ತನಾಗದೆ, ಪುಸ್ತಕವನ್ನು ಮುಚ್ಚಿ ಪ್ರತಿಯೊಂದು ಸಾಧನೆಯನ್ನೂ ತನ್ನ ಕೈಯಿಂದಲೇ ಬರೆಯತಕ್ಕುದು; ಬರೆದುದನ್ನು ನಾಚದೆ ಇನ್ನೊಬ್ಬರಿಗೆ ತೋರಿಸತಕ್ಕುದು. ಊರಿನಲ್ಲಿ ಗಣಿತವನ್ನು ಬಲ್ಲ ನಿವೃತ್ತ ಉಪಾಧ್ಯಾಯರಿದ್ದರೆ, ವಾರಕ್ಕೆ ಒಂದು ಗಂಟೆ ಅಂಥವನ ಪುಟವನ್ನು ಓದಿ, ತಪ್ಪಿದ ಸಾಲಿನ ಕೆಳಗೆ ಒಂದು ಗೆರೆಯನ್ನು ಎಳೆದರೂ ಸಾಕು. ಹೊನ್ನನ್ನು ಬೇಡದ ದಾನವಿದು. ಆ ಒಂದು ಗೆರೆಯಿಂದ ದೂರದ ವಿದ್ಯೆಯು ಹತ್ತಿರದ ವಿದ್ಯೆಯಾಗುತ್ತದೆ.