ಡೆಂಗಿ ವರದಿಯಲ್ಲಿ ಪಾಸಿಟಿವ್, ನೆಗೆಟಿವ್ ಎಂದರೆ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಕಂಪ್ಯೂಟರ್ ಬಗ್ಗೆ ಮಾತಾಡು ಎಂದು ಸಮಿತಿಯವರು ಹೇಳಿದ್ದರು. ಮಳೆಗಾಲ ಬಂತೆಂದರೆ ಮನೆಮನೆಗೂ ಬೇಕಾಗುವ ಡೆಂಗಿ ವರದಿಯ ಬಗ್ಗೆ ಮಾತಾಡುವುದೇ ಮೇಲು ಅನ್ನಿಸಿತು. ನಾನು ವೈದ್ಯನಲ್ಲ, ಓದಿದ್ದು ಬಿ.ಇ. ಆದರೆ ರಕ್ತಪರೀಕ್ಷೆಯ ಯಂತ್ರ ಕೊಡುವ ಅಂಕಿಗಳನ್ನು ವರದಿಯಾಗಿಸುವ ತಂತ್ರಾಂಶ ಬರೆಯುವುದು ನನ್ನ ಕೆಲಸ.

ಡೆಂಗಿ ವೈರಸ್ ದೇಹ ಹೊಕ್ಕಾಗ ಅದನ್ನು ಎದುರಿಸಲು ರಕ್ತದಲ್ಲಿ ಪ್ರತಿಕಾಯಗಳು ಹುಟ್ಟುತ್ತವೆ. ಮೊದಲು ಬರುವುದು ಐಜಿಎಂ, ಬಹುಕಾಲ ಉಳಿಯುವುದು ಐಜಿಜಿ. ಇವನ್ನು ಅಳೆಯುವ ಎಲೈಸಾ ವಿಧಾನವನ್ನು 1971ರಲ್ಲಿ ಸ್ವೀಡನ್ನಿನ ಇವಾ ಎಂಗ್ವಾಲ್ ಮತ್ತು ಪೀಟರ್ ಪರ್ಲ್‌ಮನ್ ಪ್ರಕಟಿಸಿದರು. ಅದಕ್ಕೆ ಮೊದಲು ಇಂಥ ಅಳತೆಗೆ ವಿಕಿರಣ ಸೂಸುವ ವಸ್ತು ಬಳಸುತ್ತಿದ್ದರು. ಇವರು ಆ ಜಾಗದಲ್ಲಿ ಬಣ್ಣ ಬರಿಸುವ ಕಿಣ್ವವನ್ನಿಟ್ಟರು.

ನಮ್ಮ ಅಳಗುಳಿ ಮಣೆಯನ್ನು ನೆನೆಸಿಕೊಳ್ಳಿ. ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆ, ಅದರಲ್ಲಿ 96 ಗುಳಿ. ಗುಳಿಯ ತಳದಲ್ಲಿ ಐಜಿಎಂ ಹಿಡಿದಿಡುವ ಲೇಪವಿರುತ್ತದೆ. ರೋಗಿಯ ಸೀರಂ ಹಾಕಿ, ಆಮೇಲೆ ಡೆಂಗಿ ವೈರಸ್ಸಿನ ಪ್ರೋಟೀನು ಹಾಕುತ್ತಾರೆ. ಸಿಕ್ಕಿದ ಐಜಿಎಂ ಡೆಂಗಿಯದೇ ಆಗಿದ್ದರೆ ಅದನ್ನು ಹಿಡಿದುಕೊಳ್ಳುತ್ತದೆ. ಅದರ ಮೇಲೆ ಕಿಣ್ವ ಅಂಟಿಸಿದ ಇನ್ನೊಂದು ಪ್ರತಿಕಾಯ. ಪ್ರತಿ ಹಂತದಲ್ಲೂ ಅಕ್ಕಿ ತೊಳೆದ ಹಾಗೆ ತೊಳೆಯಬೇಕು, ಸರಿಯಾಗಿ ತೊಳೆಯದಿದ್ದರೆ ಇಲ್ಲದ ಕಾಯಿಲೆಯೂ ಕಾಣಿಸೀತು! ಕೊನೆಗೆ ಹಾಕುವ ದ್ರಾವಣ ನೀಲಿಯಾಗಿ, ಆಮ್ಲ ಬಿದ್ದೊಡನೆ ಹಳದಿಯಾಗುತ್ತದೆ. ಆ ಹಳದಿ ಎಷ್ಟು ಗಾಢ ಎಂಬುದನ್ನು ಯಂತ್ರ 450 ನ್ಯಾನೊಮೀಟರ್ ಬೆಳಕಿನಲ್ಲಿ ಓದುತ್ತದೆ.

ಯಂತ್ರ ಕೊಡುವುದು ಬರೀ ಅಂಕಿ. ಅದೇ ತಟ್ಟೆಯಲ್ಲಿ ಕಾಯಿಲೆ ಇಲ್ಲದ ಸೀರಂ, ಖಚಿತವಾಗಿ ಇರುವ ಸೀರಂ ಎರಡನ್ನೂ ಇಟ್ಟು, ಹೋಲಿಸಿ ಒಂದು ಗೆರೆ ಎಳೆಯುತ್ತಾರೆ. ನಮ್ಮ ಕಾಲದ ಎಸ್ಸೆಸ್ಸೆಲ್ಸಿಯ 35 ಅಂಕವಿದ್ದ ಹಾಗೆ. 34 ತೆಗೆದವನಿಗೂ 36 ತೆಗೆದವನಿಗೂ ಎಷ್ಟು ವ್ಯತ್ಯಾಸ ಎಂದು ಇಲ್ಲಿರುವ ಮೇಷ್ಟ್ರುಗಳಿಗೆ ಗೊತ್ತು. ಗೆರೆಯ ಅಂಚಿನಲ್ಲಿ ಬಂದದ್ದನ್ನು ಮತ್ತೊಮ್ಮೆ ಪರೀಕ್ಷಿಸಬೇಕಾಗುತ್ತದೆ.

ಇದಕ್ಕಿಂತ ಮುಖ್ಯವಾದದ್ದು ದಿನದ ಲೆಕ್ಕ. ಐಜಿಎಂ ಸಾಮಾನ್ಯವಾಗಿ ಜ್ವರದ ನಾಲ್ಕೈದನೆಯ ದಿನದ ಹೊತ್ತಿಗೆ ಅಳತೆಗೆ ಸಿಗುತ್ತದೆ. ಎರಡನೆಯ ದಿನವೇ ಆ ಪರೀಕ್ಷೆ ಮಾಡಿಸಿ, 'ನೆಗೆಟಿವ್ ಬಂತು' ಎಂದು ಮಗುವನ್ನು ಮನೆಯಲ್ಲೇ ಮಲಗಿಸಿಕೊಂಡರೆ ಅಪಾಯ. ಮೊದಲ ದಿನಗಳಲ್ಲಿ ನೋಡಬೇಕಾದದ್ದು ಎನ್‌ಎಸ್1, ಅದು ವೈರಸ್ಸಿನದೇ ಪ್ರೋಟೀನು. ಜ್ವರ ಇಳಿಯುವ ಹೊತ್ತಿನಲ್ಲೇ ಡೆಂಗಿ ಕೆಲವರಲ್ಲಿ ಉಲ್ಬಣಿಸುತ್ತದೆ. ವರದಿ ಏನೇ ಹೇಳಲಿ, ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ, ರಕ್ತಸ್ರಾವ, ವಿಪರೀತ ಸುಸ್ತು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಇನ್ನು ಐಜಿಜಿ ಮಾತ್ರ ಪಾಸಿಟಿವ್ ಬಂದರೆ ಹಿಂದೆಂದೋ ಬಂದು ಹೋದ ಡೆಂಗಿಯ ಗುರುತೂ ಇರಬಹುದು. ಐಜಿಎಂ ಕೂಡ ಎರಡು ಮೂರು ತಿಂಗಳು ಉಳಿಯುವುದುಂಟು. ಬೇಗ ಫಲಿತಾಂಶ ಹೇಳುವ ಕಾರ್ಡ್ ಪರೀಕ್ಷೆಯನ್ನು ನಂಬಿ ಸಾವಿರಾರು ರೂಪಾಯಿ ಸುರಿಯುವ ಮೊದಲು ಎಲೈಸಾ ಎಲ್ಲಿ ಮಾಡುತ್ತಾರೆಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ. ನಿಗದಿಯಾದ ಸರ್ಕಾರಿ ಆಸ್ಪತ್ರೆಗಳಿಗೆ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ಐಜಿಎಂ ಕಿಟ್‌ಗಳು ಬರುತ್ತವೆ.

ರಕ್ತ ಕೊಡುವಾಗ ಜ್ವರ ಶುರುವಾದ ದಿನವನ್ನು ತಪ್ಪದೆ ಬರೆಸಿ. 'ಮೂರ್ನಾಲ್ಕು ದಿನ ಆಯ್ತು' ಎಂದರೆ ಸಾಲದು, ತಾರೀಖು ಬೇಕು. ಅದಿಲ್ಲದೆ ನಮ್ಮ ತಂತ್ರಾಂಶ ಎಷ್ಟು ಚೊಕ್ಕವಾಗಿ ಅಂಕಿ ಅಚ್ಚು ಹಾಕಿದರೂ ವೈದ್ಯರಿಗೆ ಅರ್ಧವೇ ತಿಳಿಯುವುದು.

ಊಟದ ಪಂಕ್ತಿಯಲ್ಲಿ ಇರುತ್ತೇನೆ, ಏನಾದರೂ ಕೇಳುವುದಿದ್ದರೆ ಅಲ್ಲೇ ಕೇಳಿ.