ನಮ್ಮ ಜಿಲ್ಲೆಯ ಗೆರೆಗಳು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಕಂಪ್ಯೂಟರ್ ಬಗ್ಗೆ ನಾಲ್ಕು ಮಾತು ಹೇಳಪ್ಪಾ ಎಂದು ಗುರುಗಳು ಹೇಳಿದ್ದರು. ಅವರ ಅಪ್ಪಣೆ ಪಡೆದು ವಿಷಯ ಬದಲಿಸಿಕೊಂಡಿದ್ದೇನೆ. ಇವತ್ತು ನಮ್ಮ ರಾಯಚೂರು ಜಿಲ್ಲೆಯ ಬಗ್ಗೆ ಮಾತಾಡುತ್ತೇನೆ. ಅದಕ್ಕೆ ಕಾರಣವೂ ಇದೆ. ಕಂಪನಿಯಲ್ಲಿ ಫ್ರಾನ್ಸ್ ದೇಶದ ವಿಳಾಸಗಳನ್ನು ಜೋಡಿಸುವ ಕೆಲಸ ಬಂದಾಗ ಅಲ್ಲಿಯ ಜಿಲ್ಲೆಗಳ ವಿಚಾರ ಓದಬೇಕಾಯಿತು. ಅಲ್ಲಿ ಕ್ರಾಂತಿಯಾದ ಮರುವರ್ಷ, 1790ರಲ್ಲಿ, ಹಳೆಯ ಪ್ರಾಂತ್ಯಗಳನ್ನು ಅಳಿಸಿ 83 ಜಿಲ್ಲೆ ಮಾಡಿದರು. ಹೆಚ್ಚಿನವಕ್ಕೆ ನದಿ, ಬೆಟ್ಟಗಳ ಹೆಸರಿಟ್ಟರು. ಕ್ರೂಜ್ ಎಂಬ ಹಳ್ಳಿಗಾಡಿನ ಜಿಲ್ಲೆಗೆ ಅಲ್ಲಿ ಹರಿಯುವ ನದಿಯದೇ ಹೆಸರು. ಯಾವ ಹಳ್ಳಿಯವನೇ ಆಗಲಿ, ಕುದುರೆ ಏರಿ ಹೊರಟರೆ ಒಂದು ದಿನದೊಳಗೆ ಜಿಲ್ಲಾ ಕೇಂದ್ರ ಮುಟ್ಟಬೇಕು ಎಂಬುದು ಗೆರೆ ಎಳೆದವರ ಲೆಕ್ಕ. ಇದನ್ನು ಓದಿದಾಗ ನನಗೆ ಒಂದು ಪ್ರಶ್ನೆ ಎದ್ದಿತು. ನಮ್ಮ ಜಿಲ್ಲೆಯ ಗೆರೆಗಳನ್ನು ಎಳೆದವರು ಯಾರು? ಅವರ ಲೆಕ್ಕ ಏನಿತ್ತು?

ನಮ್ಮ ನಾಡಿಗೂ ಹಿಂದೆ ನದಿಯ ಹೆಸರೇ ಇತ್ತು. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ, ನಡುವೆ ನಾವು. ಹಳೆಯ ಶಾಸನಗಳು ಇದನ್ನು ‘ಎಡೆದೊರೆ ಎರಡು ಸಾಸಿರ’ ನಾಡು ಎಂದು ಕರೆದಿವೆ. ಎಡೆದೊರೆ ಎಂದರೆ ಎರಡು ಹೊಳೆಗಳ ನಡುವಿನ ನೆಲ. ನೆಲಕ್ಕೆ ಎರೆಯ ಗುಣವಿದೆ, ಮಸಾರಿಯ ಗುಣವಿದೆ. ಕಡಿಮೆ ಇರುವುದು ಮಳೆ. ಹೀಗಿದ್ದರೂ ಈ ನೆಲಕ್ಕಾಗಿ ಕಾದಾಡಿದವರಿಗೆ ಲೆಕ್ಕವಿಲ್ಲ. ರಾಯಚೂರು ಕೋಟೆಗಾಗಿ 1520ರಲ್ಲಿ ಕೃಷ್ಣದೇವರಾಯನಿಗೂ ಇಸ್ಮಾಯಿಲ್ ಆದಿಲ್‌ಶಾಹನಿಗೂ ಯುದ್ಧವಾಯಿತು. ಅದಕ್ಕೂ ಬಹಳ ಹಿಂದೆ ಮೌರ್ಯ ಅಶೋಕನ ಆಜ್ಞೆ ಮಸ್ಕಿಯ ಬಂಡೆಗೆ ಬಂದಿತ್ತು. ಆ ಶಾಸನ 1915ರಲ್ಲಿ ಪತ್ತೆಯಾಯಿತು. ಅದರಲ್ಲಿ ಅಶೋಕ ಎಂಬ ಹೆಸರೇ ಇತ್ತು.

ಊರಿನ ಹೊಳೆ ಗಡಿಯಾದದ್ದು 1800ರಲ್ಲಿ. ಆ ವರ್ಷ ಹೈದರಾಬಾದ್ ನಿಜಾಮ ಬಳ್ಳಾರಿ ಸೀಮೆಯನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟ. ನಮ್ಮ ದಂಡೆ ನಿಜಾಮನದು, ಎದುರು ದಂಡೆ ಮದ್ರಾಸಿನದು ಎಂದಾಯಿತು. ಇಲ್ಲಿ ಹಾಲಿ ಸಿಕ್ಕಾ ರೂಪಾಯಿ, ಅಲ್ಲಿ ಇಂಗ್ಲಿಷರ ರೂಪಾಯಿ. ಇಲ್ಲಿಯ ಕಚೇರಿ ಮೊದಲು ಪಾರಸಿ, ಆಮೇಲೆ ಉರ್ದು. ಮನೆಯಲ್ಲಿ ಕನ್ನಡ ಆಡುವ ರೈತ ತನ್ನ ಹೊಲದ ಕಾಗದ ಓದಿಸಲು ಬೇರೆಯವರ ಮನೆ ಬಾಗಿಲಿಗೆ ಹೋಗಬೇಕಿತ್ತು. 1853ರಲ್ಲಿ ನಿಜಾಮನ ಸೈನ್ಯದ ಬಾಕಿಗಾಗಿ ನಮ್ಮ ದೋಆಬ್ ಇಂಗ್ಲಿಷರ ಕೈ ಸೇರಿತು. 1860ರಲ್ಲಿ ತಿರುಗಿ ನಿಜಾಮನಿಗೆ ಬಂತು. ಎರಡು ಸಲವೂ ಇಲ್ಲಿಯ ಜನರನ್ನು ಯಾರೂ ಕೇಳಲಿಲ್ಲ.

ಆದರೆ ನಮ್ಮೂರು ಚೀಕಲಪರ್ವಿಯಲ್ಲಿ ಹುಟ್ಟಿದ ವಿಜಯದಾಸರು ದೇಹ ಬಿಟ್ಟಿದ್ದು ಚಿಪ್ಪಗಿರಿಯಲ್ಲಿ. ಅದು ಇಂದು ಆಂಧ್ರದಲ್ಲಿದೆ. ದಾಸರ ಹಾಡಿಗೆ ಹೊಳೆ ಅಡ್ಡ ಬರಲಿಲ್ಲ. ಅಡ್ಡ ಬಂದದ್ದು ಕಾಗದ.

1948ರ ಸೆಪ್ಟೆಂಬರ್ 17ಕ್ಕೆ ಹೈದರಾಬಾದ್ ಸಂಸ್ಥಾನ ಭಾರತದ ವಶವಾಯಿತು. 1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಆಗ ನಮ್ಮ ಜಿಲ್ಲೆಯ ಗದ್ವಾಲ, ಆಲಂಪುರ ತಾಲೂಕುಗಳು ಆಂಧ್ರಕ್ಕೆ ಹೋದವು. ಈಗ ಅವು ತೆಲಂಗಾಣದಲ್ಲಿವೆ. ಕೃಷ್ಣೆ ತುಂಗಭದ್ರೆ ಕೂಡುವ ಜಾಗ ಆಲಂಪುರದ ಹತ್ತಿರ. ಎಂದರೆ ಎಡೆದೊರೆ ನಾಡಿನ ತುದಿಯೇ ನಮ್ಮ ಜಿಲ್ಲೆಯಲ್ಲಿಲ್ಲ. ಭಾಷೆಯ ಲೆಕ್ಕಕ್ಕೆ ಅದು ಸರಿ. ನಮಗೂ ಕಚೇರಿಯ ಕಾಗದ ಕನ್ನಡದಲ್ಲಿ ಸಿಕ್ಕಿತು. ಆದರೆ ರಾಜಧಾನಿ ದೂರವಾಯಿತು. ಹೈಕೋರ್ಟಿನ ಕೆಲಸಕ್ಕೆ ಹತ್ತಿರದ ಹೈದರಾಬಾದ್ ಹೋಗಿ ಬೆಂಗಳೂರು ಬಂತು. 2008ರಲ್ಲಿ ಕಲಬುರಗಿಗೆ ಪೀಠ ಬರುವವರೆಗೆ ನಮ್ಮವರು ಆ ದೂರ ತಿರುಗಿದರು.

ಇನ್ನೊಂದು ಗೆರೆ ನೀರಿನದು. ತುಂಗಭದ್ರಾ ಅಣೆಕಟ್ಟಿನ ಕೆಲಸ ಶುರುವಾದದ್ದು 1945ರಲ್ಲಿ. ಹೈದರಾಬಾದ್, ಮದ್ರಾಸ್ ಎರಡೂ ಸೇರಿ ಕಟ್ಟಿದ್ದು. ಎಡದಂಡೆ ಕಾಲುವೆ ನಮ್ಮ ಕಡೆಯದು. ಉದ್ದ ಸುಮಾರು 227 ಕಿಲೋಮೀಟರ್. ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆಗೆ ಲೆಕ್ಕ ಹಾಕಿ ತೋಡಿದ ಕಾಲುವೆ ಅದು. ಮೇಲ್ಭಾಗದಲ್ಲಿ ಭತ್ತದ ಗದ್ದೆ ಹಬ್ಬಿತು; ಮಾನ್ವಿ, ರಾಯಚೂರು ತಾಲೂಕಿನ ಕೊನೆಭಾಗದ ರೈತ ಕಾಲುವೆ ಮೇಲೆ ಕುಳಿತು ಮುಗಿಲು ನೋಡುವಂತಾಯಿತು. 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯದಲ್ಲಿ ಹೂಳು ತುಂಬಿ ಈಗ ಹಿಡಿಯುವುದು ಸುಮಾರು 105. 1997ರಲ್ಲಿ ಕೊಪ್ಪಳ ಬೇರೆ ಜಿಲ್ಲೆಯಾಯಿತು. ಕೊಪ್ಪಳದವರಿಗೆ ಜಿಲ್ಲಾ ಕಚೇರಿ ಹತ್ತಿರವಾಯಿತು, ಸಂತೋಷ. ಆದರೆ ಕಾಲುವೆಯ ತಲೆ ಇರುವ ಮುನಿರಾಬಾದ್ ಒಂದು ಜಿಲ್ಲೆಗೆ, ಬಾಲ ಇನ್ನೊಂದು ಜಿಲ್ಲೆಗೆ ಹೋಯಿತು. ಮೊದಲು ಒಬ್ಬ ಜಿಲ್ಲಾಧಿಕಾರಿಯ ಮುಂದೆ ಹೇಳಿದರೆ ಆಗುತ್ತಿದ್ದ ಮಾತಿಗೆ ಈಗ ಇಬ್ಬರು ಬೇಕು. ಗೆರೆ ಎಳೆದಾಗ ಹತ್ತಿರವಾದದ್ದನ್ನು ಎಲ್ಲರೂ ನೋಡುತ್ತೇವೆ, ದೂರವಾದದ್ದನ್ನು ಲೆಕ್ಕ ಹಾಕುವುದಿಲ್ಲ. ನಮ್ಮ ಮಾನ್ವಿಯಿಂದ ಸಿರವಾರ ಬೇರೆ ತಾಲೂಕಾದಾಗಲೂ ಈ ಎರಡೂ ಲೆಕ್ಕ ಕೇಳಬೇಕಾದವರು ನಾವೇ.

ವಿದ್ಯಾರ್ಥಿಗಳೇ, ಇನ್ನು ನಿಮ್ಮ ಮಾತು. 2002ರಲ್ಲಿ ಡಾ. ಡಿ. ಎಂ. ನಂಜುಂಡಪ್ಪ ಸಮಿತಿ ರಾಜ್ಯದ 39 ತಾಲೂಕುಗಳನ್ನು ಅತ್ಯಂತ ಹಿಂದುಳಿದವು ಎಂದು ಗುರುತಿಸಿತು. ಅದರಲ್ಲಿ ಮಾನ್ವಿ, ದೇವದುರ್ಗ ಎರಡೂ ಇವೆ. ಸಂವಿಧಾನಕ್ಕೆ 371(ಜೆ) ವಿಧಿ ಸೇರಿ 2013ರಿಂದ ಜಾರಿಗೆ ಬಂತು. ನಾನು ಬಿಇ ಓದುವಾಗ ಅದು ಇರಲಿಲ್ಲ. ಈಗ ನಮ್ಮ ಭಾಗದ ಮಕ್ಕಳಿಗೆ ಕಾಲೇಜಿನ ಸೀಟಿನಲ್ಲಿ, ಸರ್ಕಾರಿ ನೌಕರಿಯಲ್ಲಿ ಪಾಲಿದೆ. ಆದರೆ ಆ ಪಾಲು ಮನೆಗೆ ನಡೆದು ಬರುವುದಿಲ್ಲ. ನೀವು ಈ ಭಾಗದವರು ಎಂಬ ಅರ್ಹತಾ ಪತ್ರವನ್ನು ಸಹಾಯಕ ಆಯುಕ್ತರಿಂದ ಪಡೆಯಬೇಕು. ಅದಕ್ಕೆ ವಾಸದ ದಾಖಲೆ, ಶಾಲೆಯ ವ್ಯಾಸಂಗ ಪತ್ರ ಬೇಕು. ಸೀಟು ಹಂಚುವ ವಾರದಲ್ಲಿ ಓಡಾಡಬೇಡಿ. ಎಸ್ಸೆಸ್ಸೆಲ್ಸಿ ಮುಗಿದ ರಜೆಯಲ್ಲೇ ಮಾಡಿಸಿಕೊಳ್ಳಿ. ಹಳೆಯ ವಿದ್ಯಾರ್ಥಿಗಳಾದ ನಾವು ವರ್ಷಕ್ಕೆ ಒಂದು ದಿನ ಇಲ್ಲಿ ಕುಳಿತು ಅರ್ಜಿ ತುಂಬಿಸಿ ಕೊಟ್ಟರೆ, ಅದು ಈ ಶಾಲೆಯ ಋಣಕ್ಕೆ ಒಂದು ಕಂತು.

ಹಿಂದೆ ಗೆರೆ ಎಳೆಯುವಾಗ ನಮ್ಮ ಹಿರಿಯರನ್ನು ಯಾರೂ ಕೇಳಲಿಲ್ಲ, ಕಾಗದ ಓದಲು ಅವರಿಗೆ ಭಾಷೆಯೂ ಇರಲಿಲ್ಲ. ಈಗ ಗ್ರಾಮಸಭೆ ಇದೆ, ಪಹಣಿ ಕನ್ನಡದಲ್ಲಿದೆ, ಐವತ್ತು ವರ್ಷದಿಂದ ಈ ಹೈಸ್ಕೂಲ್ ಇದೆ. ಆದ್ದರಿಂದ ಸಮಾಜ ಪಾಠದ ನಕ್ಷೆಯಲ್ಲಿ ಜಿಲ್ಲೆಗೆ ಬಣ್ಣ ತುಂಬಿ ಸುಮ್ಮನಾಗಬೇಡಿ. ನಿಮ್ಮ ಹೊಲಕ್ಕೆ ನೀರು ಯಾವ ವಿತರಣಾ ಕಾಲುವೆಯಿಂದ ಬರಬೇಕು, ನಿಮ್ಮ ಅರ್ಜಿ ಯಾವ ಮೇಜಿನ ಮೇಲಿದೆ ಎಂಬುದನ್ನೂ ಓದಿಕೊಳ್ಳಿ. ಅಪ್ಪ ಅವ್ವಗೂ ಓದಿ ಹೇಳಿ.

ನನಗೆ ಅಕ್ಷರ, ಅಂಕಿ ಎರಡನ್ನೂ ಕೊಟ್ಟ ಗುರುಗಳಿಗೆ ಶರಣು.  ಜೈ ಹಿಂದ್, ಜೈ ಕರ್ನಾಟಕ.