ತಿಳಿಯುವಂತೆ ಬರೆಯುವುದೂ ಕಾಯಕವೇ

(ಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನಿವೃತ್ತ ಇಂಜಿನಿಯರೊಬ್ಬರು ನೀಡಿದ ಉಪನ್ಯಾಸದ ಬರಹರೂಪ)

 

ಈ ತಿಂಗಳ ಗೋಷ್ಠಿಯಲ್ಲಿ ಮಾತನಾಡಬೇಕೆಂದು ಪೂಜ್ಯರು ಅಪ್ಪಣೆ ಕೊಡಿಸಿದಾಗ, "ಬುದ್ಧಿ, ನಾನು ಸಾಹಿತ್ಯ ಓದಿದವನಲ್ಲ, ಸಿವಿಲ್ ಇಂಜಿನಿಯರಿಂಗ್ ಓದಿ ಮೂವತ್ತು ವರ್ಷ ಕಾಲುವೆ ದಂಡೆಯಲ್ಲಿ ಓಡಾಡಿದವನು" ಎಂದೆ. "ಹಾಗಾದರೆ ಕಾಲುವೆ ದಂಡೆಯಲ್ಲಿ ಕಲಿತದ್ದನ್ನೇ ಹೇಳಿ" ಎಂದರು. ಅಲ್ಲಿ ಕಲಿತ ಒಂದೇ ಒಂದು ವಿಷಯ ಹೇಳುತ್ತೇನೆ. ಅದು ನನ್ನ ತಪ್ಪಿನಿಂದ ಕಲಿತದ್ದು.

ನಾನು ಆಗ ಒಂದು ಉಪವಿಭಾಗದ ಅಧಿಕಾರಿ. ಹಿಂಗಾರು ಹಂಗಾಮಿಗೆ ನೀರು ಬಿಡುವ ಪ್ರಕಟಣೆಯನ್ನು ನಾನೇ ಬರೆದು ಸಹಿ ಹಾಕಿದ್ದೆ. ಅದು ಹೀಗಿತ್ತು: "ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ, ಉಲ್ಲೇಖ (2)ರ ಸಭೆಯಲ್ಲಿ ನಿಗದಿಪಡಿಸಿದ ಅವಧಿಯವರೆಗೆ, ಜಲಾಶಯದ ನೀರಿನ ಲಭ್ಯತೆಗೆ ಒಳಪಟ್ಟು, ಸದರಿ ವಿತರಣಾ ಕಾಲುವೆಯ ಅಚ್ಚುಕಟ್ಟು ಪ್ರದೇಶದಲ್ಲಿ ಅರೆ ನೀರಾವರಿ ಬೆಳೆಗಳಿಗೆ ಮಾತ್ರ ಸೀಮಿತಗೊಳಿಸಿ ನೀರು ಹರಿಸಲು ಉದ್ದೇಶಿಸಲಾಗಿದ್ದು, ತತ್ಸಂಬಂಧ ಉಂಟಾಗಬಹುದಾದ ನಷ್ಟಕ್ಕೆ ಇಲಾಖೆಯು ಹೊಣೆಯಾಗಿರುವುದಿಲ್ಲವೆಂದು ಈ ಮೂಲಕ ತಿಳಿಯಪಡಿಸಲಾಗಿದೆ." ಬರೆದು ಮುಗಿಸಿದಾಗ, ಭಾಷೆ ಗಂಭೀರವಾಗಿದೆ ಎಂದು ನನಗೆ ಹೆಮ್ಮೆಯೂ ಆಗಿತ್ತು.

ಮಾರ್ಚ್ ಮಧ್ಯದಲ್ಲಿ ನೀರು ನಿಲ್ಲಿಸಿದೆವು. ಮಾರನೆಯ ವಾರ ಕಾಲುವೆಯ ಕೊನೆ ಭಾಗದ ರೈತರೊಬ್ಬರು ಕಚೇರಿಗೆ ಬಂದರು. ಸಂಕ್ರಾಂತಿಯ ಹೊತ್ತಿಗೆ ಶೇಂಗಾ ಬಿತ್ತಿದ್ದರು. ಬೆಳೆ ಕಾಯಿ ಕಟ್ಟುವ ಹೊತ್ತಿನಲ್ಲಿ ನೀರಿಲ್ಲ. ಅವರು ಕೂಗಾಡಲಿಲ್ಲ. ಅಂಗಿಯ ಕಿಸೆಯಿಂದ ಮಡಿಚಿದ ಹಾಳೆ ತೆಗೆದು ಮೇಜಿನ ಮೇಲಿಟ್ಟರು. "ಸಾಹೇಬ್ರ, ನನಗ ಓದಾಕ ಬರತೈತ್ರಿ, ಏಳನೇತ್ತೆ ಪಾಸ್ ಆಗೇನಿ. ಇದನ್ನ ಮೂರು ಸಲ ಓದೇನಿ. ನೀರು ಯಾವತ್ತು ನಿಲ್ಲತೈತಿ ಅಂತ ಎಲ್ಲಿ ಬರದೀರಿ, ಬಟ್ಟು ಇಟ್ಟು ತೋರಸ್ರಿ" ಅಂದರು.

ನಾನು ಬೆರಳಿಡಲು ಹೋದೆ. ಇಡಲು ಜಾಗವೇ ಇರಲಿಲ್ಲ. ತಾರೀಕು ಆ ಹಾಳೆಯಲ್ಲಿ ಇರಲೇ ಇಲ್ಲ. ಅದು ಇದ್ದದ್ದು "ಉಲ್ಲೇಖ (2)"ರಲ್ಲಿ, ಅಂದರೆ ನೀರಾವರಿ ಸಲಹಾ ಸಮಿತಿಯ ಸಭಾ ನಡವಳಿಯಲ್ಲಿ. ಆ ನಡವಳಿ ನನ್ನ ಕಪಾಟಿನ ಫೈಲಿನಲ್ಲಿತ್ತು.

ಮೇಲಧಿಕಾರಿಗಳು ಪ್ರಕಟಣೆಯನ್ನು ನೋಡಿ, "ಎಲ್ಲ ಸರಿಯಾಗಿದೆ, ನಿಮ್ಮ ಮೇಲೆ ಏನೂ ಬರುವುದಿಲ್ಲ" ಎಂದರು. ನಿಜ, ನನ್ನ ಮೇಲೆ ಏನೂ ಬರಲಿಲ್ಲ. ಬಂದದ್ದು ಆ ರೈತರ ಮೇಲೆ. ಬೀಜಕ್ಕೆ, ಗೊಬ್ಬರಕ್ಕೆ ಮಾಡಿದ ಸಾಲ ಅವರ ಹೆಗಲಿಗೇ ಉಳಿಯಿತು. ಅಂದು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ನಾವು ಯಾಕೆ ಹೀಗೆ ಬರೆಯುತ್ತೇವೆ ಎಂದು ಆಮೇಲೆ ಯೋಚಿಸಿದೆ. ಮೂರು ಕಾರಣ ಹೊಳೆದವು.

ಒಂದು, ಅನುವಾದ. 1963ರ ರಾಜ್ಯಭಾಷಾ ಕಾಯ್ದೆಯಿಂದ ಕನ್ನಡ ನಮ್ಮ ಆಡಳಿತ ಭಾಷೆಯಾಯಿತು. ಆದರೆ ನಾವು ಇಂಗ್ಲಿಷಿನಲ್ಲಿ ಯೋಚಿಸಿ ಕನ್ನಡ ಅಕ್ಷರದಲ್ಲಿ ಬರೆದೆವು. "ಸೂಚಿಸಲಾಗಿದೆ", "ಉದ್ದೇಶಿಸಲಾಗಿದೆ", "ಕ್ರಮ ಕೈಗೊಳ್ಳಲಾಗುವುದು" ಎಂದು ಮನೆಯಲ್ಲಿ ಯಾರಾದರೂ ಮಾತಾಡುತ್ತಾರೆಯೇ? "ಮಗಳೇ, ನಿನಗೆ ಊಟ ಬಡಿಸಲು ಉದ್ದೇಶಿಸಲಾಗಿದೆ" ಎಂದು ಯಾವ ತಾಯಿಯೂ ಹೇಳುವುದಿಲ್ಲ.

ಎರಡು, ಭಯ. "ಸೂಚಿಸಲಾಗಿದೆ" ಎಂದರೆ ಸೂಚಿಸಿದವರು ಯಾರೆಂದು ಗೊತ್ತಾಗುವುದಿಲ್ಲ. ಕೆಲಸ ಮಾಡುವವರು ಯಾರು, ಎಂದು ಮಾಡುತ್ತಾರೆ ಎಂಬುದನ್ನು ಬರೆಯದಿದ್ದರೆ ನಾಳೆ ಯಾರೂ ನಮ್ಮನ್ನು ಕೇಳುವಂತಿಲ್ಲ.

ಮೂರು, ಅಹಂಕಾರ. ತಿಳಿಯದ ಹಾಗೆ ಬರೆದರೆ ದೊಡ್ಡವರು ಎಂಬ ಭ್ರಮೆ. ನನ್ನ ಮಟ್ಟಿಗೆ ಇದೇ ದೊಡ್ಡ ಕಾರಣವಾಗಿತ್ತು.

ಶರಣ ಬಂಧುಗಳೇ, ಈ ಮೂರನೆಯ ರೋಗಕ್ಕೆ ಹನ್ನೆರಡನೆಯ ಶತಮಾನದಲ್ಲೇ ನಮ್ಮ ಶರಣರು ಮದ್ದು ಕೊಟ್ಟಿದ್ದರು. ಶಾಸ್ತ್ರದ ಮಾತು ಸಂಸ್ಕೃತದಲ್ಲಿರಬೇಕು ಎನ್ನುವ ಕಾಲದಲ್ಲಿ ಬಸವಣ್ಣನವರೂ ಅವರ ಸಂಗಡಿಗರೂ ಅತ್ಯಂತ ಸೂಕ್ಷ್ಮವಾದ ಅನುಭಾವವನ್ನು ಜನರ ಕನ್ನಡದಲ್ಲಿ ಹೇಳಿದರು. ದೋಣಿ ನಡೆಸುವ ಅಂಬಿಗರ ಚೌಡಯ್ಯನವರು, ಹಗ್ಗ ಹೊಸೆಯುವ ನುಲಿಯ ಚಂದಯ್ಯನವರು, ಅಕ್ಕಿ ಆಯುವ ಆಯ್ದಕ್ಕಿ ಲಕ್ಕಮ್ಮನವರು ಅದೇ ಭಾಷೆಯಲ್ಲಿ ವಚನ ರಚಿಸಿದರು. ಶಿವತತ್ತ್ವವನ್ನೇ ಆಡುಮಾತಿನಲ್ಲಿ ಹೇಳಲು ಸಾಧ್ಯವಾಗಿರುವಾಗ, ಕಾಲುವೆ ನೀರು ಎಂದು ನಿಲ್ಲುತ್ತದೆ ಎಂದು ಹೇಳಲು ನನಗೆ ಏನು ಅಡ್ಡಿ?

ಮರುವರ್ಷ ಪ್ರಕಟಣೆಯನ್ನು ಹೀಗೆ ಬರೆದೆ: "ರೈತರಿಗೆ ತಿಳಿಸುವುದು. ಈ ಕಾಲುವೆಗೆ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ನೀರು ಬಿಡುತ್ತೇವೆ. ಹತ್ತು ದಿನ ನೀರು ಇರುತ್ತದೆ, ಹತ್ತು ದಿನ ಇರುವುದಿಲ್ಲ. ಮಾರ್ಚ್ 15ರ ನಂತರ ನೀರು ಇಲ್ಲ. ಆದ್ದರಿಂದ ಅಷ್ಟರೊಳಗೆ ನೀರಿನ ಅಗತ್ಯ ಮುಗಿಯುವ ಬೆಳೆ ಮಾತ್ರ ಬಿತ್ತಿರಿ. ಜಲಾಶಯದಲ್ಲಿ ನೀರು ಕಡಿಮೆಯಾಗಿ ಈ ತಾರೀಕು ಬದಲಾದರೆ, ಪಂಚಾಯಿತಿಯಲ್ಲಿ ಡಂಗುರ ಹೊಡೆಸಿ ತಿಳಿಸುತ್ತೇವೆ." ಸಭೆ, ಉಲ್ಲೇಖ, ಸಂಖ್ಯೆಗಳೆಲ್ಲ ಕೆಳಗೆ ಹೋದವು.

"ಇದು ಸರ್ಕಾರಿ ಪತ್ರದ ಹಾಗೆ ಕಾಣುವುದಿಲ್ಲವಲ್ಲ" ಎಂದು ಮೇಲಧಿಕಾರಿಗಳು ಹಿಂದೆಮುಂದೆ ನೋಡಿದರು, ಕೊನೆಗೆ ಒಪ್ಪಿದರು. ಇದರಿಂದ ಎಲ್ಲ ಸರಿಹೋಯಿತು ಎಂದು ಹೇಳುವುದಿಲ್ಲ. ಕೊನೆ ಭಾಗಕ್ಕೆ ನೀರು ಸಾಲದು ಎಂಬ ಜಗಳ ಹಾಗೇ ಉಳಿಯಿತು. ಆದರೆ "ಯಾವತ್ತು ನಿಲ್ಲತೈತಿ" ಎಂದು ಕೇಳಿಕೊಂಡು ಯಾರೂ ಬರಲಿಲ್ಲ.

ಅಂದಿನಿಂದ ಒಂದು ರೂಢಿ ಮಾಡಿಕೊಂಡೆ. ಯಾವ ಪ್ರಕಟಣೆ ಬರೆದರೂ ಸಹಿ ಹಾಕುವ ಮೊದಲು ಗೇಟು ನೋಡಿಕೊಳ್ಳುವ ನಮ್ಮ ಸೌಡಿಯನ್ನು ಕರೆದು ಓದಿ ಹೇಳುತ್ತಿದ್ದೆ. "ಏನು ತಿಳಿಯಿತು, ನೀನೇ ಹೇಳು" ಎನ್ನುತ್ತಿದ್ದೆ. ಅವನು ಹೇಳಿದ್ದು ನಾನು ಬರೆದದ್ದಕ್ಕಿಂತ ಚೆನ್ನಾಗಿದ್ದರೆ ಅದನ್ನೇ ಬರೆಯುತ್ತಿದ್ದೆ. ಬಹಳ ಸಲ ಚೆನ್ನಾಗಿಯೇ ಇರುತ್ತಿತ್ತು.

ಸರಳ ಎಂದರೆ ತಾಂತ್ರಿಕ ಪದ ಬಿಡಬೇಕು ಎಂದಲ್ಲ. ತೂಬು, ಗೇಟು, ಕ್ಯುಸೆಕ್ ಎಂದರೆ ರೈತರಿಗೆ ಗೊತ್ತು. ಗೇಟಿಗೆ ಹೊಸದಾಗಿ ಸಂಸ್ಕೃತ ಪದ ಕಟ್ಟಿದರೆ ಗೊತ್ತಿದ್ದದ್ದೂ ಮರೆಯಾಗುತ್ತದೆ. ಬೇಕಾದಲ್ಲಿ ಬಿಡಿಸಿ ಹೇಳಿದರೆ ಸಾಕು. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್ ನೀರು. ಅದು ಒಂದು ಹಗಲು ಒಂದು ರಾತ್ರಿ ಹರಿದರೆ ಸುಮಾರು ಎಂಟು ಎಕರೆಯಲ್ಲಿ ಮೂರು ಅಂಗುಲ ನೀರು ನಿಲ್ಲುತ್ತದೆ. ಹೀಗೆ ಹೇಳಿದರೆ ರೈತರು ತಮ್ಮ ಪಾಳಿಯ ಲೆಕ್ಕವನ್ನು ತಾವೇ ಹಾಕಿಕೊಳ್ಳುತ್ತಾರೆ.

ಸರಳ ಎಂದರೆ ಸಡಿಲ ಎಂದೂ ಅಲ್ಲ. "ಕಾಂಕ್ರೀಟಿಗೆ ಸಮರ್ಪಕವಾಗಿ ಕ್ಯೂರಿಂಗ್ ಮಾಡತಕ್ಕದ್ದು" ಎಂದು ಗುತ್ತಿಗೆದಾರರಿಗೆ ಬರೆಯುತ್ತಿದ್ದೆವು. ಸಮರ್ಪಕ ಎಂದರೆ ಎಷ್ಟು? ಅವರಿಗೆ ಮೂರು ದಿನವೂ ಸಮರ್ಪಕವೇ. ಐಎಸ್ 456 ಎಂಬ ಮಾನಕದಲ್ಲಿ ಸ್ಪಷ್ಟವಾಗಿದೆ: ಸಾಧಾರಣ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಕನಿಷ್ಠ 7 ದಿನ, ಒಣ ಬಿಸಿಲಿನ ಹವೆಯಲ್ಲಿ ಕನಿಷ್ಠ 10 ದಿನ. "ಹತ್ತು ದಿನ ಕಾಂಕ್ರೀಟು ಒಣಗದಂತೆ ನೀರು ಹಾಕಿರಿ" ಎಂದರೆ ಮೇಸ್ತ್ರಿಗೂ ತಿಳಿಯುತ್ತದೆ, ತಪ್ಪಿದರೆ ಕೇಳಲೂ ಬರುತ್ತದೆ. ತಿಳಿಯುವ ಮಾತೇ ಬಿಗಿಯಾದ ಮಾತು.

ಕೊನೆಯದಾಗಿ ನಮ್ಮ ಮನೆಯ ಮಾತು. ಇಲ್ಲಿ ಪತ್ತಿನ ಸಹಕಾರ ಸಂಘಗಳ ನಿರ್ದೇಶಕರಿದ್ದೀರಿ, ಶಾಲೆ, ಪ್ರಸಾದನಿಲಯ ನಡೆಸುವವರಿದ್ದೀರಿ. ಸಾಲದ ಜಾಮೀನು ಪತ್ರವನ್ನು ಇಂದು ರಾತ್ರಿ ಒಮ್ಮೆ ತೆಗೆದು ಓದಿ. 1872ರ ಕರಾರು ಕಾಯ್ದೆಯ ಪ್ರಕಾರ, ಪತ್ರದಲ್ಲಿ ಬೇರೆ ರೀತಿ ಬರೆದಿರದಿದ್ದರೆ, ಸಾಲಗಾರರಿಗೆ ಎಷ್ಟು ಹೊಣೆಯೋ ಜಾಮೀನುದಾರರಿಗೂ ಅಷ್ಟೇ ಹೊಣೆ. ಆದರೆ ನಮ್ಮ ಜನ "ಸುಮ್ಮನೆ ಒಂದು ಸಹಿ, ಅಣ್ಣಾ" ಎಂದರೆ ನಂಬಿಕೆಯ ಮೇಲೆ ಹಾಕುತ್ತಾರೆ. ನೋಟಿಸು ಬಂದ ದಿನವೇ ಅವರಿಗೆ ಗೊತ್ತಾಗುವುದು. ಆ ಪತ್ರದ ತಲೆಯ ಮೇಲೆ ದಪ್ಪಕ್ಷರದಲ್ಲಿ ಒಂದು ಸಾಲು ಅಚ್ಚು ಹಾಕಿಸಿ: "ಸಾಲ ಪಡೆದವರು ಕಟ್ಟದಿದ್ದರೆ ಬಡ್ಡಿ ಸಮೇತ ಪೂರ್ತಿ ಹಣವನ್ನು ನೀವು ಕಟ್ಟಬೇಕಾಗುತ್ತದೆ." ಹಾಗೆ ಬರೆದರೆ ಜಾಮೀನು ಹಾಕುವವರು ಕಡಿಮೆಯಾಗಬಹುದು ಎಂದು ಕೆಲವರು ನನಗೆ ಹೇಳಿದ್ದಾರೆ. ಆಗಲಿ. ತಿಳಿದ ಮೇಲೆ ಹಾಕದವರ ಸಹಿಯನ್ನು ತಿಳಿಯದ ಹಾಗೆ ಬರೆದು ಪಡೆಯುವುದು ಸತ್ಯಶುದ್ಧ ಕಾಯಕವಲ್ಲ.

ಬರೆಯುವವರು ಪಡುವ ಶ್ರಮ ಒಂದು ಗಂಟೆಯದು. ಅದನ್ನು ಉಳಿಸಿಕೊಂಡರೆ ಓದುವ ಸಾವಿರ ಜನ ಕಷ್ಟಪಡುತ್ತಾರೆ. ನೀವು ಬರೆದ ಹಾಳೆಯನ್ನು ಯಾರಾದರೂ ಮೇಜಿನ ಮೇಲಿಟ್ಟು "ಎಲ್ಲಿ ಬರದೀರಿ, ತೋರಸ್ರಿ" ಎಂದಾಗ ಬೆರಳಿಡಲು ಜಾಗವಿರಲಿ. ನನ್ನ ಹಾಳೆಯಲ್ಲಿ ಅಂದು ಇರಲಿಲ್ಲ.